ನೈಟ್ರೋದಲ್ಲಿ ಮೊದಲ ಸಾಲಾ, ಕೊನೆಯ ಸಾಲಾ? ಕೂತು ಬಂದವರು ಹೇಳಿ

ಹಡಪ್ಸರ್ ಹುಡುಗಿ · ಸೋಮವಾರ ರಾತ್ರಿ 9.20
ಎಲ್ಲರಿಗೂ ನಮಸ್ಕಾರ. ನಾನು ಗದಗಿನವಳು, ಆರು ವರ್ಷದಿಂದ ಪುಣೆಯಲ್ಲಿದ್ದೇನೆ. ನಿನ್ನೆ ಆಫೀಸಿನವರ ಜೊತೆ ಖೋಪೋಲಿಯ ಇಮ್ಯಾಜಿಕಾ ಪಾರ್ಕ್‌ಗೆ ಹೋಗಿದ್ದೆ. ಅಲ್ಲಿನ ನೈಟ್ರೋ ರೋಲರ್ ಕೋಸ್ಟರ್‌ನಲ್ಲಿ ಎರಡು ಸಲ ಕೂತೆ. ಮೊದಲ ಸಲ ಕೊನೆಯ ಸಾಲು ಸಿಕ್ಕಿತು. ಎರಡನೇ ಸಲ ಮೊದಲ ಸಾಲೇ ಬೇಕು ಅಂತ ಹಠ ಹಿಡಿದು ಮುಕ್ಕಾಲು ಗಂಟೆ ಕಾದೆ.

ಅದೇ ಹಳಿ, ಅದೇ ರೈಲು. ಆದರೂ ಎರಡೂ ಬೇರೆ ಬೇರೆ ರೈಡ್ ಅನ್ನಿಸಿತು. ಮುಂದೆ ಕೂತಾಗ, ತುದಿಗೆ ಬಂದ ಮೇಲೆ ಒಂದು ಕ್ಷಣ ಹಾಗೇ ತೂಗುಹಾಕಿದಂತಾಯಿತು. ಕಾಲ ಕೆಳಗೆ ನೆಲ ಇಲ್ಲ, ಎದುರಿಗೆ ಯಾರ ತಲೆಯೂ ಇಲ್ಲ, ಶೂ ತುದಿಯ ಆಚೆ ಬರೀ ಗಾಳಿ. ಇಳಿಜಾರು ನಿಧಾನವಾಗಿ ಶುರುವಾಗಿ ಆಮೇಲೆ ಜೋರಾಯಿತು. ಹಿಂದೆ ಕೂತಾಗ ಈ ತೂಗಾಟವೇ ಇರಲಿಲ್ಲ. ತುದಿ ಇನ್ನೂ ಬಂದಿಲ್ಲ ಅಂದುಕೊಳ್ಳುವಷ್ಟರಲ್ಲಿ ಯಾರೋ ಕೊರಳಪಟ್ಟಿ ಹಿಡಿದು ಎಳೆದ ಹಾಗೆ ಕೆಳಗೆ ಹೋಗಿದ್ದೆ. ಸೀಟಿನಿಂದ ಎದ್ದೇಬಿಟ್ಟೆ, ಭುಜದ ಮೇಲಿನ ಬಾರ್ ತಡೆಯಿತು.

ಹಿಂದಿನ ಬೋಗಿ ಮುಂದಿನದಕ್ಕಿಂತ ವೇಗವಾಗಿ ಹೋಗುತ್ತದೆ ಅನ್ನುತ್ತಾನೆ ನಮ್ಮ ತಂಡದ ಹುಡುಗ. ಕೊಂಡಿ ಹಾಕಿದ ಬೋಗಿಗಳು ಬೇರೆ ಬೇರೆ ವೇಗದಲ್ಲಿ ಹೋಗುವುದು ಹೇಗೆ? ಗೊತ್ತಿರುವವರು ಹೇಳಿ. ನಿಮಗೆ ಯಾವ ಸಾಲು ಇಷ್ಟ ಅಂತಲೂ ಹೇಳಿ.

ಥಾಣೆ ತೊಟ್ಟಿಲು · 9.26
ಕೊನೆಯ ಸಾಲು. ಎರಡು ಮಾತೇ ಇಲ್ಲ.

ಮಾಟುಂಗಾ ಮಾಮ · 9.31
ಮೊದಲ ಸಾಲು ಮಾರಾಯ್ರೇ! ಮುಂದಿನವರ ತಲೆ ನೋಡುತ್ತಾ ಹೋಗುವುದಕ್ಕೆ ಖೋಪೋಲಿಯವರೆಗೆ ಯಾಕೆ ಹೋಗಬೇಕು? ಅದು ದಾದರ್ ಲೋಕಲ್‌ನಲ್ಲಿ ದಿನಾ ಸಿಗುತ್ತದೆ. ಮೊದಲ ಸಾಲಿನಲ್ಲಿ ಹಳಿಯೇ ಮಾಯವಾಗುವ ಆ ಒಂದು ಕ್ಷಣ ಇದೆಯಲ್ಲ, ಅದಕ್ಕೆ ನಾನು ಒಂದು ಗಂಟೆ ಬೇಕಾದರೂ ಕಾಯುತ್ತೇನೆ.

ಪಿಂಪ್ರಿ ಟೂಲ್‌ರೂಮ್ · 9.38
ಮಾಮ, ಅಷ್ಟು ಹೊತ್ತಿನಲ್ಲಿ ಹಿಂದಿನ ಸಾಲಿನಲ್ಲಿ ಮೂರು ಸಲ ಹೋಗಿ ಬರಬಹುದು.

ಮುಲುಂಡ್ ಮೆಕ್ಯಾನಿಕಲ್ · 10.05
ಹುಡುಗಿಯ ಅನುಮಾನ ಸರಿ. ಯಾವುದೇ ಗಳಿಗೆಯಲ್ಲಿ ನೋಡಿ, ಎಲ್ಲ ಬೋಗಿಗಳ ವೇಗವೂ ಒಂದೇ. ಬೇರೆ ಆಗುವುದು ಏನೆಂದರೆ, ಆ ವೇಗ ಬಂದಾಗ ನೀವು ಹಳಿಯ ಮೇಲೆ ಎಲ್ಲಿದ್ದೀರಿ ಅನ್ನುವುದು.

ಒಗೆದ ಸೀರೆಯನ್ನು ಬಾಲ್ಕನಿಯ ಕಂಬಿಗೆ ಹಾಕುವಾಗ ಗಮನಿಸಿದ್ದೀರಾ? ಸ್ವಲ್ಪ ಸೆರಗು ಮಾತ್ರ ಆಚೆ ಇಳಿಬಿಟ್ಟರೆ ಸುಮ್ನೆ ನಿಂತಿರುತ್ತದೆ. ಎಳೆದು ಎಳೆದು ಅರ್ಧಕ್ಕಿಂತ ಜಾಸ್ತಿ ಆಚೆ ಹೋಯಿತೋ, ತಾನಾಗಿಯೇ ಜಾರಲು ಶುರು. ಸೆರಗಿನ ತುದಿ ಕಂಬಿ ದಾಟುವಾಗ ಸೀರೆ ಮೆಲ್ಲಗೆ ಹೋಗುತ್ತಿರುತ್ತದೆ. ಕೊನೆಯ ತುದಿ ಕಂಬಿ ದಾಟುವಾಗ ಸರ್ರನೆ ಹೋಗಿಬಿಡುತ್ತದೆ. ಸೀರೆ ಒಂದೇ, ಕಂಬಿ ಒಂದೇ. ಎರಡು ತುದಿಗಳು ಕಂಬಿ ದಾಟಿದ ಹೊತ್ತು ಬೇರೆ.

ರೈಲೂ ಹಾಗೇ. ಮುಂದಿನ ಸಾಲು ತುದಿ ದಾಟಿದಾಗ ಉಳಿದ ರೈಲೆಲ್ಲ ಇನ್ನೂ ಏರಿನಲ್ಲಿದೆ, ಮೇಲಕ್ಕೆ ಎಳೆಯುವ ಸರಪಳಿಯ ನಡಿಗೆಯಲ್ಲೇ ಬರುತ್ತಿದೆ. ಅದಕ್ಕೇ ನಿಮಗೆ ತೂಗಾಟ. ಕೊನೆಯ ಸಾಲು ತುದಿಗೆ ಬರುವ ಹೊತ್ತಿಗೆ ಅರ್ಧಕ್ಕಿಂತ ಜಾಸ್ತಿ ರೈಲು ಕೆಳಗೆ ಬೀಳುತ್ತಿದೆ. ಅದೇ ತಿರುವನ್ನು ನೀವು ಎಷ್ಟೋ ಪಟ್ಟು ಜೋರಾಗಿ ದಾಟುತ್ತೀರಿ. ಹಳಿ ಕೆಳಗೆ ಬಗ್ಗಿತು, ನಿಮ್ಮ ಮೈ ಇನ್ನೂ ನೇರ ಹೋಗಲು ನೋಡಿತು. ಸೀಟಿನಿಂದ ಎದ್ದಿದ್ದು ಅದಕ್ಕೆ.

ಹಡಪ್ಸರ್ ಹುಡುಗಿ · 10.12
ಸೀರೆ! ಈಗ ಅರ್ಥ ಆಯಿತು ಸರ್. ನಾಳೆ ಅವನಿಗೆ ಓಢಣಿಯಲ್ಲೇ ತೋರಿಸುತ್ತೇನೆ.

ಡೊಂಬಿವಲಿ ಡಬಲ್‌ಫಾಸ್ಟ್ · 10.20
ಮುಲುಂಡ್ ಅವರು ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಎಲ್ಲರೂ ಮೊದಲು, ಕೊನೆ ಅಂತ ಜಗಳ ಆಡುತ್ತಾರೆ, ಮಧ್ಯದ ಸಾಲನ್ನು ಯಾರೂ ಕೇಳುವುದಿಲ್ಲ. ಇಳಿಜಾರಿನ ತಳದಲ್ಲಿ ರೈಲಿನ ನಡುಭಾಗ ಇರುವಾಗಲೇ ವೇಗ ಅತಿ ಹೆಚ್ಚು. ಮೈ ಭಾರವಾಗಿ ಸೀಟಿಗೆ ಒತ್ತಿಕೊಳ್ಳುವುದು ಅಲ್ಲಿ ಜಾಸ್ತಿ. ಮೈ ಹಗುರಾಗಬೇಕೆಂದರೆ ಕೊನೆಯ ಸಾಲು, ಭಾರವಾಗಬೇಕೆಂದರೆ ನಡುವಿನದು.

ವಾಸ್ಕೋ ವಿಜಿ · 10.41
ನಾನು ಗೋವಾದಿಂದ. ನಮ್ಮೂರು ಧಾರವಾಡ, ಕೆಲಸ ವಾಸ್ಕೋದಲ್ಲಿ. ಇಲ್ಲಿ ದೊಡ್ಡ ಕೋಸ್ಟರ್ ಇಲ್ಲ, ಫೆಸ್ತ್ ಬಂದಾಗ ಜಾಯಿಂಟ್ ವೀಲ್ ಅಷ್ಟೇ. ಈ ನೈಟ್ರೋ ಇಂಟಾಮಿನ್ ಕಂಪನಿಯದ್ದು ಅಲ್ವಾ? ಎಷ್ಟು ಎತ್ತರ?

ಡೊಂಬಿವಲಿ ಡಬಲ್‌ಫಾಸ್ಟ್ · 10.47
ಅಲ್ಲ ವಿಜಿ, ಬಿ ಆಂಡ್ ಎಂ. ಬೊಲಿಗರ್ ಮತ್ತು ಮಬಿಯಾರ್ ಅಂತ ಇಬ್ಬರು ಸ್ವಿಸ್ ಎಂಜಿನಿಯರ್‌ಗಳು 1988ರಲ್ಲಿ ಶುರು ಮಾಡಿದ ಕಂಪನಿ. ಇಂಟಾಮಿನ್ ಕೂಡ ಸ್ವಿಟ್ಜರ್ಲೆಂಡಿನಲ್ಲೇ ಶುರುವಾದ ಕಂಪನಿ, ಅದಕ್ಕೇ ಗೊಂದಲ. ನೈಟ್ರೋ 2013ರಲ್ಲಿ ಬಂತು. ಎತ್ತರ ಸುಮಾರು 40 ಮೀಟರ್, ಐದು ಸಲ ತಲೆಕೆಳಗು, ವೇಗ ಗಂಟೆಗೆ 105 ಕಿ.ಮೀ. ಅಂತ ಹೇಳುತ್ತಾರೆ. ಇಂಥ ನೆಲವಿಲ್ಲದ ಕೋಸ್ಟರ್‌ಗಳಲ್ಲಿ ಮೊದಲನೆಯದು ಅಮೆರಿಕದ ನ್ಯೂಜೆರ್ಸಿಯ ಮೆಡೂಸಾ, 1999. ಸ್ಟೇಷನ್‌ನಲ್ಲಿ ನಿಮ್ಮ ಕಾಲ ಕೆಳಗೆ ಇರುವ ನೆಲ ರೈಲಿನದ್ದಲ್ಲ, ಸ್ಟೇಷನ್ನಿನದ್ದು. ಹೊರಡುವ ಮೊದಲು ಅದು ಕೆಳಗೆ ಸರಿಯುತ್ತದೆ.

ಮುಲುಂಡ್ ಮೆಕ್ಯಾನಿಕಲ್ · 11.02
105 ಬಗ್ಗೆ ನನಗೆ ಮೊದಲಿನಿಂದಲೂ ತಕರಾರಿದೆ. 40 ಮೀಟರ್ ಮೇಲಿಂದ ಗಾಳಿ, ಘರ್ಷಣೆ ಯಾವ ಅಡ್ಡಿಯೂ ಇಲ್ಲದೆ ಬಿದ್ದರೂ ಲೆಕ್ಕ ಗಂಟೆಗೆ 101 ಕಿ.ಮೀ. ಬರುತ್ತದೆ. ಸರಪಳಿ ಕೊಡುವ ಮೊದಲ ವೇಗ ಸೇರಿಸಿದರೂ ಒಂದು ಕಿ.ಮೀ. ಕೂಡ ಹೆಚ್ಚುವುದಿಲ್ಲ. ರೈಡ್ ಅದ್ಭುತ, ಅದರಲ್ಲಿ ಅನುಮಾನ ಇಲ್ಲ. ಆದರೆ ಲೆಕ್ಕ ಲೆಕ್ಕವೇ.

ಪಿಂಪ್ರಿ ಟೂಲ್‌ರೂಮ್ · 11.09
ತುಂಬಿದ ರೈಲು ಜೋರಾಗಿ ಹೋಗುವುದಿಲ್ಲವಾ? ಭಾರ ಜಾಸ್ತಿ ಅಲ್ವಾ?

ಮುಲುಂಡ್ ಮೆಕ್ಯಾನಿಕಲ್ · 11.15
ಬೀಳುವ ಲೆಕ್ಕದಲ್ಲಿ ಭಾರಕ್ಕೆ ಜಾಗವೇ ಇಲ್ಲ. ಆದರೆ ಗಾಳಿ ತಡೆಯುವುದು ಖಾಲಿ ರೈಲಿಗೂ ತುಂಬಿದ ರೈಲಿಗೂ ಹೆಚ್ಚು ಕಡಿಮೆ ಒಂದೇ. ಭಾರದ ರೈಲಿಗೆ ಆ ತಡೆ ಅಷ್ಟು ತಾಗುವುದಿಲ್ಲ. ಹಾಗಾಗಿ ಕೊನೆಯ ತಿರುವುಗಳಲ್ಲಿ ತುಂಬಿದ ರೈಲು ಸ್ವಲ್ಪ ಚುರುಕು. 101ರ ಗಡಿಯನ್ನಂತೂ ಅದೂ ದಾಟುವುದಿಲ್ಲ.

ಪಿಂಪ್ರಿ ಟೂಲ್‌ರೂಮ್ · 11.40
ಸರಿ. ಹಾಗಾದರೆ ನನ್ನ ಕಸುಬಿನ ಮಾತು ಹೇಳುತ್ತೇನೆ. ನಮ್ಮ ಶಾಪ್‌ನಲ್ಲಿ ರೋಲರ್‌ಗಳಿಗೆ ಪಾಲಿಯುರೆಥೇನ್ ಹಾಕುತ್ತೇವೆ. ಪಿಯು ಅನ್ನುತ್ತೇವೆ. ಕೋಸ್ಟರ್ ಚಕ್ರದ ಮೇಲಿನ ಹೊದಿಕೆಯೂ ಅದೇ ಜಾತಿಯದ್ದು. ಆಚೆ ನಿಂತು ರೈಲು ನೋಡುವಾಗ ನನ್ನ ಕಣ್ಣು ಮೊದಲು ಹೋಗುವುದು ಅಲ್ಲಿಗೇ.

ಒಂದೊಂದು ಕಡೆ ಮೂರು ಬಗೆಯ ಚಕ್ರ. ಹಳಿಯ ಮೇಲೆ ಓಡುವುದು ಒಂದು, ಪಕ್ಕದಿಂದ ಒತ್ತಿ ಹಿಡಿಯುವುದು ಒಂದು, ಹಳಿಯ ಕೆಳಗಿನಿಂದ ಹಿಡಿಯುವುದು ಇನ್ನೊಂದು. ಈ ಮೂರನೆಯದು ಇರುವುದರಿಂದಲೇ ರೈಲು ಹಳಿ ಬಿಟ್ಟು ಏಳುವುದಿಲ್ಲ. ಜಾನ್ ಮಿಲ್ಲರ್ ಅನ್ನುವ ಅಮೆರಿಕದವನು 1919ರಲ್ಲಿ ಅದಕ್ಕೆ ಪೇಟೆಂಟ್ ಪಡೆದ. ಅದು ಬಂದ ಮೇಲೆಯೇ ಕಡಿದಾದ ಇಳಿಜಾರು ಕಟ್ಟುವ ಧೈರ್ಯ ಬಂದಿದ್ದು.

ಈಗ ಪಿಯು ವಿಷಯ. ಗಟ್ಟಿ ಮಾಡಿದರೆ ರೈಲು ವೇಗವಾಗಿ ಓಡುತ್ತದೆ, ಆದರೆ ಹಳಿಯ ಪ್ರತಿ ಜೋಡಣೆಯೂ ಬೆನ್ನಿಗೆ ಗೊತ್ತಾಗುತ್ತದೆ. ಮೆತ್ತಗೆ ಮಾಡಿದರೆ ಹಾಯಾಗಿರುತ್ತದೆ, ಆದರೆ ಚಕ್ರ ಬಿಸಿಯಾಗುತ್ತದೆ, ವೇಗ ತಿನ್ನುತ್ತದೆ. ನಾವು ಶೋರ್ ಗೇಜಿನ ಸೂಜಿ ಒತ್ತಿ ಗಡಸು ನೋಡುತ್ತೇವೆ. ಆಮೇಲೆ ಅಂಚಿನಲ್ಲಿ ಹೆಬ್ಬೆರಳಿನ ಉಗುರು ಹಾಕಿ ಎತ್ತಿ ನೋಡುತ್ತೇವೆ, ಲೋಹದಿಂದ ಬಿಟ್ಟಿದೆಯಾ ಅಂತ. ಕೂದಲೆಳೆಯಷ್ಟು ಬಿಟ್ಟರೂ ಆ ಚಕ್ರ ಪಕ್ಕಕ್ಕೆ. ರಾತ್ರಿಯಿಡೀ ಭಾರ ಹೊತ್ತು ನಿಂತಲ್ಲೇ ನಿಂತರೆ ತಳ ಸ್ವಲ್ಪ ಚಪ್ಪಟೆಯೂ ಆಗುತ್ತದೆ. ಬೆಳಿಗ್ಗೆಯ ಮೊದಲ ರೈಡ್ ಕುಲುಕಾಡುತ್ತದೆ, ಮಧ್ಯಾಹ್ನ ನುಣ್ಣಗೆ ಓಡುತ್ತದೆ ಅಂತ ಅನ್ನಿಸಿದವರು ಇದ್ದರೆ, ಸುಮ್ನೆ ಭ್ರಮೆ ಅಲ್ಲ ಅದು. ಬೇರಿಂಗಿನ ಗ್ರೀಸೂ ಬಿಸಿಯಾಗಿ ತೆಳುವಾಗಿರುತ್ತದೆ.

ಥಾಣೆ ತೊಟ್ಟಿಲು · 11.44
ಅಬ್ಬಾ. ಇನ್ನು ಕ್ಯೂನಲ್ಲಿ ನಿಂತಾಗ ಚಕ್ರವನ್ನೇ ನೋಡುತ್ತೇನೆ.

ಕಲ್ಯಾಣ್ ಲೋಕೋ · ಮಂಗಳವಾರ ಬೆಳಿಗ್ಗೆ 6.50
ಮಕ್ಕಳೇ, ನಾನು ರೈಲ್ವೆಯಲ್ಲಿ 31 ವರ್ಷ ದುಡಿದವನು. ಕೋಸ್ಟರ್‌ನಲ್ಲಿ ಕೂತಿದ್ದು ಒಂದೇ ಸಲ, ಮೊಮ್ಮಗಳ ಹಠಕ್ಕೆ. ಆದರೆ ನೀವು ಮಾತಾಡುವ ಜಾಗದ ಪಕ್ಕದಲ್ಲೇ ರೈಲು ಗುಡ್ಡ ಏರುವ ಭೋರ್ ಘಾಟ್ ಇದೆ, ಅದರ ಬಗ್ಗೆ ಯಾರೂ ಒಂದು ಮಾತು ಹೇಳಲಿಲ್ಲ.

ಅಲ್ಲಿ 37 ಅಡಿ ಹೋದರೆ ಒಂದು ಅಡಿ ಏರು. ನಿಮ್ಮ ಕೋಸ್ಟರ್ ಮುಂದೆ ಅದು ಏನೂ ಅಲ್ಲ ಅನ್ನಿಸಬಹುದು, ಸಾವಿರ ಟನ್ ಗಾಡಿಗೆ ಅದು ಗೋಡೆ. ಅದಕ್ಕೇ ಕರ್ಜತ್‌ನಲ್ಲಿ ಗಾಡಿಯ ಹಿಂದೆ ತಳ್ಳುವ ಬ್ಯಾಂಕರ್ ಇಂಜಿನ್ ಹಾಕುತ್ತಾರೆ. ಮುಂದೆಯೇ ಇನ್ನೆರಡು ಇಂಜಿನ್ ಹಾಕಿ ಎಳೆಯಬಹುದಲ್ಲ ಅಂತ ನೀವು ಕೇಳಬಹುದು. ಎಲ್ಲ ಭಾರ ಮುಂದಿನ ಕೊಂಡಿಗಳ ಮೇಲೆ ಬಿದ್ದು, ಒಂದು ಕೊಂಡಿ ಕಡಿದರೆ ಹಿಂದಿನ ಬೋಗಿಗಳು ಕರ್ಜತ್ ಕಡೆಗೆ ವಾಪಸ್ ಓಡುವ ಅಪಾಯ. ಹಿಂದಿನಿಂದ ತಳ್ಳಿದರೆ ಕೊಂಡಿಗಳ ಭಾರವೂ ಇಳಿಯಿತು, ಹಿಂದೆ ಹೋಗಲು ಜಾಗವೂ ಇಲ್ಲ. ನಿಮ್ಮ ಕೋಸ್ಟರ್ ಏರುವಾಗ ಟಕ್ ಟಕ್ ಅನ್ನುವ ಕೊಕ್ಕೆ ಇದೆಯಲ್ಲ, ಅದರ ಕೆಲಸವೂ ಇದೇ.

ಇಳಿಯುವಾಗ ಇನ್ನೂ ಕಷ್ಟ. ಘಾಟಿಯಲ್ಲಿ ಕ್ಯಾಚ್ ಸೈಡಿಂಗ್ ಅನ್ನುವ ಪಕ್ಕದ ಹಳಿಗಳಿವೆ. ಬ್ರೇಕ್ ಹಿಡಿಯದೆ ಓಡಿಬಂದ ಗಾಡಿ ಅದರೊಳಗೆ ಏರಿ ನಿಲ್ಲಬೇಕು. ಚಾಲಕ ಗಾಡಿ ನಿಲ್ಲಿಸಿ ತೋರಿಸಿದ ಮೇಲೆಯೇ ಮುಖ್ಯ ದಾರಿ ಸಿಗುತ್ತದೆ.

ವಾಸ್ಕೋ ವಿಜಿ · 8.15
ಸರ್, ನಮ್ಮ ಕ್ಯಾಸಲ್ ರಾಕ್‌ನಿಂದ ಕುಳೆಂ ಇಳಿಯುವ ಘಾಟಿಯೂ 37ಕ್ಕೆ 1. ದೂಧಸಾಗರ ನೋಡುವ ಆತುರದಲ್ಲಿ ಜನ ಬಾಗಿಲಿಗೆ ಬರುತ್ತಾರೆ, ಹಿಂದೆ ಇಂಜಿನ್ ಇರುವುದನ್ನು ಯಾರೂ ನೋಡುವುದೇ ಇಲ್ಲ.

ಮಾಟುಂಗಾ ಮಾಮ · 8.32
ಕಲ್ಯಾಣದವರೇ, ಭೋರ್ ಘಾಟಿಯಲ್ಲಿ ಮೊದಲು ಗಾಡಿ ದಿಕ್ಕು ಬದಲಿಸುವ ರಿವರ್ಸಿಂಗ್ ಸ್ಟೇಷನ್ ಇತ್ತಂತೆ ಅಲ್ವಾ?

ಕಲ್ಯಾಣ್ ಲೋಕೋ · 8.40
ಹೌದು, 1929ರವರೆಗೆ. ಈಗ ಹೊಸ ದಾರಿ.

ಅಂಧೇರಿ ಅಮ್ಮ · ಮಂಗಳವಾರ ಮಧ್ಯಾಹ್ನ 2.10
ನಿಮ್ಮ ಮಾತುಗಳನ್ನೆಲ್ಲ ಓದುತ್ತಿದ್ದೆ. ಕೇಳಲೋ ಬೇಡವೋ ಅಂತ ಇದ್ದೆ, ಕೇಳಿಯೇ ಬಿಡುತ್ತೇನೆ. ಎರಡು ವರ್ಷದ ಹಿಂದೆ ಬೇರೆ ಊರಿನ ಒಂದು ಪಾರ್ಕ್‌ನಲ್ಲಿ, ಹೆಸರು ಬೇಡ, ನಾನೂ ಮಗನೂ ಕೂತ ಕೋಸ್ಟರ್ ಏರಿನ ಮಧ್ಯದಲ್ಲೇ ನಿಂತುಬಿಟ್ಟಿತು. ಇಪ್ಪತ್ತು ನಿಮಿಷ. ಸುಡು ಬಿಸಿಲು. ಮಗನಿಗೆ ಆಗ ಒಂಬತ್ತು. ಬೆನ್ನ ಮೇಲೆ ಮಲಗಿದ ಹಾಗೆ ಆಕಾಶ ನೋಡುತ್ತಾ ಇದ್ದೆವು. ಒಂದು ಅನೌನ್ಸ್‌ಮೆಂಟ್ ಇಲ್ಲ, ಏನಾಯಿತು ಅಂತ ಹೇಳುವವರಿಲ್ಲ. ಕೊನೆಗೆ ಒಬ್ಬ ಹುಡುಗ ಮೆಟ್ಟಿಲು ಹತ್ತಿ ಬಂದು ಒಬ್ಬೊಬ್ಬರನ್ನೇ ಇಳಿಸಿದ. ಕಂಬಿ ಕಾದು ಕೈ ಇಡಲು ಆಗುತ್ತಿರಲಿಲ್ಲ. ದುಪಟ್ಟಾ ಸುತ್ತಿಕೊಂಡು ಹಿಡಿದು ಇಳಿದೆ.

ಮಗನಿಗೆ ಈಗ ಹನ್ನೊಂದು. ನೈಟ್ರೋಗೆ ಕರೆದುಕೊಂಡು ಹೋಗು ಅಂತ ದಿನಾ ಪೀಡಿಸುತ್ತಾನೆ. ನನಗೆ ಆ ಮೆಟ್ಟಿಲು ಕಣ್ಣ ಮುಂದಿನಿಂದ ಹೋಗುವುದಿಲ್ಲ. ಏರಿನಲ್ಲಿ ನಿಂತ ರೈಲು ಹಿಂದಕ್ಕೆ ಜಾರಿದ್ದರೆ?

ಡೊಂಬಿವಲಿ ಡಬಲ್‌ಫಾಸ್ಟ್ · 2.48
ಅಕ್ಕಾ, ಮೊದಲು ಒಂದು ಮಾತು. ಏನೂ ಹೇಳದೆ ಇಪ್ಪತ್ತು ನಿಮಿಷ ಬಿಸಿಲಲ್ಲಿ ಕೂರಿಸಿದ್ದು ತಪ್ಪು. ಮೈಕ್ ಹಿಡಿದು ಎರಡು ವಾಕ್ಯ ಹೇಳಲು ಏನು ಕಷ್ಟ? ನಿಮ್ಮ ಭಯದ ಅರ್ಧ ಭಾಗ ಅಲ್ಲೇ ಹೋಗುತ್ತಿತ್ತು.

ಈಗ ನಿಮ್ಮ ಪ್ರಶ್ನೆ. ರೈಲಿನ ಕೆಳಗೆ ಒಂದು ಲೋಹದ ಕೊಕ್ಕೆ ಇರುತ್ತದೆ. ಏರಿನ ಉದ್ದಕ್ಕೂ ಗರಗಸದ ಹಲ್ಲಿನಂಥ ಪಟ್ಟಿ. ರೈಲು ಮೇಲೆ ಹೋಗುವಾಗ ಕೊಕ್ಕೆ ಒಂದೊಂದೇ ಹಲ್ಲು ದಾಟಿ ಟಕ್ ಅನ್ನುತ್ತದೆ. ಹಿಂದೆ ಜಾರಲು ನೋಡಿದರೆ ಹಲ್ಲಿಗೆ ಸಿಕ್ಕಿಕೊಂಡು ನಿಲ್ಲುತ್ತದೆ. ಕರೆಂಟ್ ಹೋದರೂ, ಸರಪಳಿಯೇ ಕಡಿದರೂ ಅದು ತನ್ನ ಪಾಡಿಗೆ ಕೆಲಸ ಮಾಡುತ್ತದೆ, ಅದಕ್ಕೆ ಬೇಕಾದ್ದು ಭೂಮಿಯ ಸೆಳೆತ ಒಂದೇ. ಮೆಟ್ಟಿಲನ್ನೂ ಏರಿನ ಪಕ್ಕದಲ್ಲಿ ಇದೇ ಕಾರಣಕ್ಕೆ ಕಟ್ಟುತ್ತಾರೆ. ರೈಲು ನಿಲ್ಲಲೇಬೇಕು ಅಂದರೆ ನಿಲ್ಲಿಸಲು ಒಳ್ಳೆಯ ಜಾಗ ಅದೇ.

ಯಾಕೆ ನಿಂತಿತು ಅಂದರೆ, ಹೆಚ್ಚಿನ ಸಲ ಬ್ಲಾಕ್ ಕಾರಣ. ಲೋಕಲ್ ಸಿಗ್ನಲ್ ಹೇಗೋ ಹಾಗೇ. ಹಳಿಯನ್ನು ತುಂಡು ತುಂಡಾಗಿ ಭಾಗ ಮಾಡಿರುತ್ತಾರೆ, ಒಂದು ತುಂಡಿನಲ್ಲಿ ಒಂದೇ ರೈಲು. ಮುಂದಿನ ರೈಲು ಸ್ಟೇಷನ್ ಬಿಡಲು ತಡವಾದರೆ ಹಿಂದಿನದನ್ನು ಕಂಪ್ಯೂಟರ್ ತಾನೇ ನಿಲ್ಲಿಸುತ್ತದೆ. 2015ರಲ್ಲಿ ಇಂಗ್ಲೆಂಡಿನ ಆಲ್ಟನ್ ಟವರ್ಸ್ ಪಾರ್ಕ್‌ನ ಸ್ಮೈಲರ್ ಕೋಸ್ಟರ್‌ನಲ್ಲಿ ಆಗಿದ್ದು ಇದರ ಉಲ್ಟಾ. ಕಂಪ್ಯೂಟರ್ ನಿಲ್ಲಿಸಿತ್ತು. ಮುಂದೆ ಖಾಲಿ ರೈಲು ನಿಂತಿದೆ ಅಂತ ಗೊತ್ತಿಲ್ಲದೆ ಸಿಬ್ಬಂದಿ ಅದನ್ನು ಮೀರಿ ಜನ ಇದ್ದ ರೈಲನ್ನು ಬಿಟ್ಟರು. ಇಬ್ಬರು ಹೆಣ್ಣುಮಕ್ಕಳು ಕಾಲು ಕಳೆದುಕೊಂಡರು. ಹಾಗಾಗಿ ನಿಂತ ರೈಲು ಕಂಡರೆ ನನಗೆ ಭಯ ಆಗುವುದಿಲ್ಲ. ಅವಸರದಲ್ಲಿ ಬಿಟ್ಟರೆ ಭಯ.

ಮುಲುಂಡ್ ಮೆಕ್ಯಾನಿಕಲ್ · 3.20
ಮೇಡಂ, ಬ್ರೇಕಿನ ಬಗ್ಗೆಯೂ ಹೇಳುತ್ತೇನೆ, ಮಗನ ಜೊತೆ ಮನೆಯಲ್ಲೇ ಮಾಡಿ ನೋಡಬಹುದು. ಎಸಿ ರಿಪೇರಿ ಅಂಗಡಿಯಲ್ಲಿ ತಾಮ್ರದ ಪೈಪಿನ ತುಂಡು ಸಿಗುತ್ತದೆ. ಒಂದು ಗಜದಷ್ಟು ಉದ್ದದ್ದು ತನ್ನಿ. ಅದರೊಳಗೆ ಸಡಿಲವಾಗಿ ಹೋಗುವಂಥ ಗುಂಡಗಿನ ನಿಯೋಡೈಮಿಯಂ ಆಯಸ್ಕಾಂತಗಳನ್ನು ಒಂದರ ಮೇಲೊಂದು ಅಂಟಿಸಿ ಮೇಲಿಂದ ಬಿಡಿ. ತಾಮ್ರಕ್ಕೆ ಆಯಸ್ಕಾಂತ ಅಂಟುವುದಿಲ್ಲ, ಆದರೂ ಅದು ಜೇನುತುಪ್ಪದಲ್ಲಿ ಇಳಿದ ಹಾಗೆ ಮೆಲ್ಲಗೆ ಬರುತ್ತದೆ. ಹೊಸ ಕೋಸ್ಟರ್‌ಗಳ ಮ್ಯಾಗ್ನೆಟಿಕ್ ಬ್ರೇಕ್ ಇದೇ. ರೈಲು ಬಂದರೆ ಸಾಕು, ವೇಗ ಇಳಿಯುತ್ತದೆ. ಕರೆಂಟ್ ಬೇಡ, ಸ್ವಿಚ್ ಬೇಡ. ಪೂರ್ತಿ ನಿಲ್ಲಿಸಲು ಮಾತ್ರ ಬೇರೆ ಬ್ರೇಕ್ ಬೇಕು, ಯಾಕೆಂದರೆ ವೇಗ ಕಡಿಮೆಯಾದಂತೆ ಈ ತಡೆಯೂ ಕಡಿಮೆಯಾಗುತ್ತದೆ.

ಅಂಧೇರಿ ಅಮ್ಮ · 3.31
ಪೈಪ್ ತರುತ್ತೇನೆ.

ಥಾಣೆ ತೊಟ್ಟಿಲು · ಮಂಗಳವಾರ ರಾತ್ರಿ 8.05
ಈ ಏರು, ಸರಪಳಿ, ಟಕ್ ಟಕ್ ಎಲ್ಲ ಹಳೆಯ ಕಾಲದ್ದು. ಈಗ ಒಂದೇ ಏಟಿಗೆ ವೇಗ ಕೊಟ್ಟು ಬಿಡುವ ಲಾಂಚ್ ಕೋಸ್ಟರ್‌ಗಳ ಕಾಲ. ಎರಡು ಸೆಕೆಂಡಿನಲ್ಲಿ ನೂರರ ವೇಗ. ಲೋಕದ ಅತಿ ಎತ್ತರದ ಕಿಂಗ್ಡಾ ಕಾ ಕೂಡ ಲಾಂಚೇ ಅಲ್ವಾ?

ಡೊಂಬಿವಲಿ ಡಬಲ್‌ಫಾಸ್ಟ್ · 8.11
ಕಿಂಗ್ಡಾ ಕಾ ಈಗ ಇಲ್ಲ. 2024ರಲ್ಲಿ ಮುಚ್ಚಿದರು, 2025ರ ಫೆಬ್ರವರಿ 28ರಂದು ಸ್ಫೋಟಕ ಇಟ್ಟು ಉರುಳಿಸಿದರು. 456 ಅಡಿಯ ಗೋಪುರ. ನಾನು ಅದರಲ್ಲಿ ಕೂರಲೇ ಇಲ್ಲ. ವಿಡಿಯೋ ನೋಡಿ ಆ ದಿನ ಊಟ ಸೇರಲಿಲ್ಲ, ನಿಜ ಹೇಳುತ್ತಿದ್ದೇನೆ.

ಅದು ಹೈಡ್ರಾಲಿಕ್ ಲಾಂಚ್. ಒತ್ತಡದ ಎಣ್ಣೆಯಿಂದ ಡ್ರಮ್ ತಿರುಗಿಸಿ, ಉಕ್ಕಿನ ಹಗ್ಗದಲ್ಲಿ ರೈಲನ್ನು ಎಳೆದು ಬಿಡುವುದು. ಶಕ್ತಿ ಭಯಂಕರ, ಆದರೆ ಹಗ್ಗ, ಡ್ರಮ್, ವಾಲ್ವ್ ಎಲ್ಲದಕ್ಕೂ ದಿನಾ ಆರೈಕೆ ಬೇಕು. ಈಗಿನವರು ಎಲ್‌ಎಸ್‌ಎಂ, ಅಂದರೆ ಲೀನಿಯರ್ ಸಿಂಕ್ರೊನಸ್ ಮೋಟಾರ್ ಕಡೆ ಹೋಗಿದ್ದಾರೆ. ಹಳಿಯ ಉದ್ದಕ್ಕೂ ವಿದ್ಯುತ್ ಸುರುಳಿಗಳು, ರೈಲಿನಲ್ಲಿ ಆಯಸ್ಕಾಂತ. ಒಂದಾದ ಮೇಲೊಂದು ಸುರುಳಿ ಹೊತ್ತಿಕೊಂಡು ರೈಲನ್ನು ತಳ್ಳುತ್ತಾ ಹೋಗುತ್ತದೆ. ಮುಟ್ಟುವುದೇ ಇಲ್ಲ, ಸವೆಯುವುದೂ ಇಲ್ಲ. ರಿಯಾಧ್ ಹತ್ತಿರದ ಕಿದ್ದಿಯಾದ ಫಾಲ್ಕನ್ಸ್ ಫ್ಲೈಟ್ ಅನ್ನು ಗಂಟೆಗೆ 250 ಕಿ.ಮೀ.ಗೆ ವಿನ್ಯಾಸ ಮಾಡಿದ್ದಾರೆ, ಅದೂ ಎಲ್‌ಎಸ್‌ಎಂ.

ಮಾಟುಂಗಾ ಮಾಮ · 8.30
ನನ್ನ ತಮ್ಮ ಅಬುಧಾಬಿಯಲ್ಲಿದ್ದಾನೆ. ಅವನ ಜೊತೆ ಫಾರ್ಮುಲಾ ರೊಸ್ಸಾದಲ್ಲಿ ಕೂತಿದ್ದೇನೆ. 240 ಕಿ.ಮೀ., ಐದು ಸೆಕೆಂಡಿನ ಒಳಗೆ. ಕಣ್ಣಿಗೆ ಗಾಗಲ್ಸ್ ಕೊಡುತ್ತಾರೆ. ಬೆನ್ನಿಗೆ ಯಾರೋ ಒದ್ದ ಹಾಗಾಯಿತು, ಕೆನ್ನೆ ಕಿವಿಯವರೆಗೆ ಹೋಯಿತು. ಚೆನ್ನಾಗಿತ್ತು. ಆದರೆ ನನಗೆ ನೆನಪು ಉಳಿದಿದ್ದು ಅದಲ್ಲ.

ನೆನಪು ಉಳಿದಿದ್ದು ಗೊರಾಯಿಯ ಎಸ್ಸೆಲ್‌ವರ್ಲ್ಡ್. ತೊಂಬತ್ತರ ದಶಕ. ನಮ್ಮ ಕನ್ನಡ ಶಾಲೆಯಿಂದ ಕರೆದುಕೊಂಡು ಹೋಗಿದ್ದರು. ಬೊರಿವಲಿಯಲ್ಲಿ ಇಳಿದು, ಜೆಟ್ಟಿಯಿಂದ ಫೆರ್ರಿ. ನೀರಿನ ಆಚೆ ಮರಗಳ ಮೇಲೆ ಹಳಿಯ ತುದಿ ಕಾಣಿಸಿತು, ದೋಣಿಯಲ್ಲಿದ್ದ ನಲವತ್ತು ಮಕ್ಕಳೂ ಒಟ್ಟಿಗೆ ಕಿರುಚಿದೆವು. ಡಬ್ಬಿಯಲ್ಲಿ ಅಮ್ಮ ಕಟ್ಟಿಕೊಟ್ಟ ಪುಳಿಯೋಗರೆ. ಮೊದಲು ಜಿಪ್ಪರ್ ಡಿಪ್ಪರ್, ಆಮೇಲೆ ಧೈರ್ಯ ಮಾಡಿ ಹೂಲಾ ಲೂಪ್. ಏರಿನಲ್ಲಿ ಆ ಟಕ್ ಟಕ್ ಶಬ್ದಕ್ಕೆ ಪಕ್ಕದ ಹುಡುಗ ನನ್ನ ಕೈ ಹಿಡಿದ. ಅವನು ಈಗ ಮಸ್ಕತ್‌ನಲ್ಲಿದ್ದಾನೆ, ಇವತ್ತಿಗೂ ನನ್ನ ಗೆಳೆಯ. ಎರಡು ಸೆಕೆಂಡಿನ ಲಾಂಚ್‌ನಲ್ಲಿ ಕೈ ಹಿಡಿಯಲು ಹೊತ್ತೆಲ್ಲಿದೆ? ಏರು ಇಲ್ಲದ ಕೋಸ್ಟರ್ ಉಪ್ಪಿಲ್ಲದ ಸಾರು.

ಹಡಪ್ಸರ್ ಹುಡುಗಿ · 8.41
ಮಾಮ, ಇದನ್ನು ಓದಿ ಕಣ್ಣು ತುಂಬಿತು.

ಥಾಣೆ ತೊಟ್ಟಿಲು · 8.45
ಮಾಮ, ನಾನು ಒಪ್ಪುವುದಿಲ್ಲ. ಇಮ್ಯಾಜಿಕಾದಲ್ಲೇ ಡೀಪ್ ಸ್ಪೇಸ್ ಇದೆಯಲ್ಲ, ಕತ್ತಲಲ್ಲಿ ಲಾಂಚ್. ಅಲ್ಲಿ ಏರು ಇಲ್ಲ, ಆದರೆ ಯಾವಾಗ ಬಿಡುತ್ತಾರೋ ಅಂತ ಕಾಯುವ ಆ ಕೆಲವು ಸೆಕೆಂಡು ನನಗೆ ಏರಿಗಿಂತ ಜಾಸ್ತಿ ನಡುಕ ಹುಟ್ಟಿಸುತ್ತದೆ.

ಪಿಂಪ್ರಿ ಟೂಲ್‌ರೂಮ್ · 9.10
ಹೊಸದು ಅಂದರೆ ಲಾಂಚ್ ಒಂದೇ ಅಲ್ಲ. ಆರ್‌ಎಂಸಿ ಅನ್ನುವ ಅಮೆರಿಕದ ಕಂಪನಿ ಹಳೆಯ ಮರದ ಕೋಸ್ಟರ್‌ಗಳ ಚೌಕಟ್ಟು ಉಳಿಸಿಕೊಂಡು ಮೇಲೆ ಉಕ್ಕಿನ ಹಳಿ ಹಾಕುತ್ತದೆ. 2011ರಲ್ಲಿ ಟೆಕ್ಸಾಸ್‌ನಲ್ಲಿ ಶುರುವಾಯಿತು. ಓಹಾಯೋದ ಸ್ಟೀಲ್ ವೆಂಜನ್ಸ್ 2018ರದ್ದು, ಮೊದಲು ಅದು ಜನ ಬೆನ್ನು ಹಿಡಿದುಕೊಂಡು ಇಳಿಯುತ್ತಿದ್ದ ಮರದ ಕೋಸ್ಟರ್. ಹಳೆಯ ಮನೆಯ ಕಂಬ ಉಳಿಸಿ ಹೊಸ ಮಾಡು ಹಾಕಿದ ಹಾಗೆ. ಕೆಡವುವುದಕ್ಕಿಂತ ಇದು ಎಷ್ಟೋ ಒಳ್ಳೆಯದು.

ವಾಸ್ಕೋ ವಿಜಿ · 9.22
ನಾನು ಬರಬೇಕೆಂದರೆ ದಾರಿ ಹೇಗೆ?

ಡೊಂಬಿವಲಿ ಡಬಲ್‌ಫಾಸ್ಟ್ · 9.29
ಕೊಂಕಣ ಕನ್ಯಾದಲ್ಲಿ ಬಂದು ಪನ್ವೇಲ್‌ನಲ್ಲಿ ಇಳಿ. ಅಲ್ಲಿಂದ ರಸ್ತೆಯಲ್ಲಿ ಖೋಪೋಲಿ. ಮುಂಬೈಯವರಿಗೆ ಕರ್ಜತ್ ಮೇಲಿನ ಖೋಪೋಲಿ ಲೋಕಲ್ ಇದೆ. ವಾರದ ಮಧ್ಯದ ದಿನ ಬಾ, ಭಾನುವಾರ ಬೇಡ.

ಅಂಧೇರಿ ಅಮ್ಮ · ಮೂರು ವಾರದ ನಂತರ, ಗುರುವಾರ ರಾತ್ರಿ 10.15
ಹೋಗಿ ಬಂದೆವು. ಮೊದಲು ಪೈಪಿನ ವಿಷಯ. ಮಗ ಆಯಸ್ಕಾಂತ ಬಿಟ್ಟು ಕೆಳಗೆ ಕೈ ಒಡ್ಡಿಕೊಂಡು ಕೂತ. ಬರಲೇ ಇಲ್ಲ, ಬರಲೇ ಇಲ್ಲ, ಆಮೇಲೆ ಟಪ್ ಅಂತ ಅಂಗೈಗೆ ಬಿತ್ತು. ಆ ರಾತ್ರಿ ನೂರು ಸಲ ಬಿಟ್ಟಿರಬೇಕು. ಅಕ್ಕಪಕ್ಕದ ಮನೆಯವರನ್ನೂ ಕರೆದು ತೋರಿಸಿದ.

ನೈಟ್ರೋದಲ್ಲಿ ಎತ್ತರದ ಅಳತೆಗೆ ಅವನು ಸರಿಹೊಂದಿದ. ಮೊದಲ ಸಾಲು ಬೇಕು ಅಂದ, ನಾನು ನಡುವಿನದು ಅಂದೆ. ಕೊನೆಗೆ ನಾಲ್ಕನೇ ಸಾಲು. ಏರುವಾಗ ಕಣ್ಣು ಮುಚ್ಚಿ ಶಬ್ದಕ್ಕೆ ಕಿವಿ ಕೊಟ್ಟೆ. ಕೊಕ್ಕೆ ಹಲ್ಲು ದಾಟುತ್ತಿದೆ ಅಂತ ಒಳಗೇ ಹೇಳಿಕೊಂಡೆ. ಆರು, ಏಳು ಅಂತ ಎಣಿಸಿದ್ದು ಎಲ್ಲಿಗೋ ತಪ್ಪಿಹೋಯಿತು, ಯಾಕೆಂದರೆ ಮಗ ಕೈ ಹಿಡಿದು, "ಅಮ್ಮಾ, ಲೋಣಾವಳ ಕಡೆಯ ಗುಡ್ಡ ನೋಡು" ಅಂದ. ಕಣ್ಣು ಬಿಟ್ಟೆ. ಹಸಿರು ಗುಡ್ಡ, ಮಂಜು.

ಮಾಟುಂಗಾ ಮಾಮ · 10.20
ಆಮೇಲೆ?

ಅಂಧೇರಿ ಅಮ್ಮ · 10.24
ಆಮೇಲೆ ಕಿರುಚಿದೆ. ಇನ್ನೂ ಎರಡು ಸಲ ಹೋದೆವು. ಡೊಂಬಿವಲಿ ತಮ್ಮಾ, ಬ್ರೇಕಿನ ಹತ್ತಿರ ರೈಲು ಅರ್ಧ ನಿಮಿಷ ನಿಂತಿತು. ಮುಂದಿನ ಬ್ಲಾಕ್ ಖಾಲಿಯಾಗಿಲ್ಲ ಅಂತ ಮಗ ಪಕ್ಕದ ಮರಾಠಿ ಅಜ್ಜನಿಗೆ ಹೇಳುತ್ತಿದ್ದ.

ವಾಸ್ಕೋ ವಿಜಿ · 10.31
ನಾನು ಮುಂದಿನ ಬುಧವಾರ ಬರುತ್ತಿದ್ದೇನೆ. ಪನ್ವೇಲ್‌ನಿಂದ ಕಾರಿನಲ್ಲಿ ಯಾರಾದರೂ ಇದ್ದೀರಾ?

ಪಿಂಪ್ರಿ ಟೂಲ್‌ರೂಮ್ · 10.36
ನಾನು ಪುಣೆ ಕಡೆಯಿಂದ ಹೊರಡುತ್ತೇನೆ, ಬೆಳಿಗ್ಗೆ ಗೇಟ್ ತೆರೆಯುವ ಮೊದಲೇ ಅಲ್ಲಿರುತ್ತೇನೆ. ಮೊದಲ ರೈಡ್ ಒಂದು, ಮಧ್ಯಾಹ್ನ ಒಂದು. ಚಕ್ರದ ವ್ಯತ್ಯಾಸ ನೀವೇ ನೋಡಿ.

ಹಡಪ್ಸರ್ ಹುಡುಗಿ · 10.38
ನನಗೂ ಒಂದು ಸೀಟ್ ಇಡಿ. ಕೊನೆಯ ಸಾಲಿನದು.